ಸುಣ್ಣದ ದುಗ್ಗಿ ಬೆರೆಸಿದ್ದು ಏನು

ಎಷ್ಟು ವರ್ಷದ ಹಿಂದೆ ಎಂದು ಮಾತ್ರ ಕೇಳಬೇಡಿ, ಅದನ್ನು ಬರೆದಿಟ್ಟವರಿಲ್ಲ. ಬಹಳ ಹಿಂದೆ, ಹಾಯಿ ಹಡಗುಗಳು ಗಾಳಿ ನೋಡಿಕೊಂಡು ಬರುತ್ತಿದ್ದ ಕಾಲದಲ್ಲಿ, ಕಡಲ ಬದಿಯಲ್ಲಿ ಒಂದು ಊರಿತ್ತಂತೆ. ಈಗ ಅದು ಪಟ್ಟಣ. ಊರಿಗೆಲ್ಲ ಒಂದೇ ದೊಡ್ಡ ಬೀದಿ, ಬಂದರು ಬೀದಿ. ಹಡಗು ನಿಲ್ಲುವ ಧಕ್ಕೆಯಿಂದ ಹೊರಟು ಗುಡ್ಡದವರೆಗೆ ನೆಟ್ಟಗೆ ಹೋಗುತ್ತದೆ. ಮೊದಲು ಸುಂಕದ ಕಟ್ಟೆ, ಅದರಾಚೆ ದೇವಸ್ಥಾನದ ಪೌಳಿ, ಎದುರಿಗೆ ಮುಸಲ್ಮಾನರ ಪಳ್ಳಿ, ಸ್ವಲ್ಪ ಮೇಲೆ ಕ್ರೈಸ್ತರ ಇಗರ್ಜಿ, ಕೊನೆಗೆ ಗುಡ್ಡದ ನೆತ್ತಿಯಲ್ಲಿ ದೀಪದ ಗೋಪುರ. ಐದಕ್ಕೂ ಗಾರೆ ಹಾಕಿದ ಕೈ ಒಂದೇ, ಅದು ಸುಣ್ಣದ ದುಗ್ಗಿಯ ಕೈ ಎನ್ನುತ್ತಾರೆ.

ದುಗ್ಗಿ ಎಲ್ಲಿಯವಳು ಎಂದು ಯಾರಿಗೂ ಗೊತ್ತಿರಲಿಲ್ಲವಂತೆ. ಒಂದು ದಿನ ಬಂದಳು, ಹೊಳೆಯ ದಡದಲ್ಲಿ ಸುಣ್ಣದ ಗೂಡು ಹಾಕಿದಳು, ಉಳಿದುಬಿಟ್ಟಳು. ಮುಖದ ತುಂಬ ಸಿಡುಬಿನ ಕಲೆ. ಹೊಳೆಯ ಚಿಪ್ಪು ಆಯ್ದು ತರುವಳು, ಸುಡುವಳು, ಗಾರೆ ಅರೆಯುವಳು, ಗೋಡೆಗೆ ಬಳಿದು ಅಂಗೈಯಂತೆ ನುಣ್ಣಗೆ ಮಾಡಿಕೊಡುವಳು. ಮಾತು ಬಲು ಕಡಿಮೆ. ಅವಳು ಆಡದ ಮಾತನ್ನೆಲ್ಲ ಊರೇ ಅವಳ ಪರವಾಗಿ ಆಡುತ್ತಿತ್ತು.

ಒಂದು ವರ್ಷ ಮಳೆ ವಿಪರೀತ ಹೊಡೆಯಿತಂತೆ. ಮಳೆ ಬಿಟ್ಟ ಮೇಲೆ ನೋಡಿದರೆ, ಊರಿನ ಗೋಡೆಗಳ ಗಾರೆಯೆಲ್ಲ ಬೊಬ್ಬೆ ಎದ್ದು ಉದುರಿ ಬಿದ್ದಿತ್ತು. ಅಷ್ಟರೊಳಗೆ ದುಗ್ಗಿ ಮೆತ್ತಿ ಮುಗಿಸಿದ್ದ ನಾಲ್ಕು ಕಟ್ಟಡಗಳಲ್ಲಿ ಮಾತ್ರ ಒಂದು ಚಕ್ಕೆಯೂ ಎದ್ದಿರಲಿಲ್ಲ. ಸಂತೋಷಪಡಬೇಕಲ್ಲವೇ? ಊರು ಸಂಶಯಪಟ್ಟಿತು. ಎಲ್ಲರ ಗೋಡೆ ಉದುರಿ ಅವಳದು ಮಾತ್ರ ನಿಂತಿದೆ ಎಂದರೆ ಅವಳು ಗಾರೆಗೆ ಏನೋ ಬೆರೆಸುತ್ತಾಳೆ. ದೇವಸ್ಥಾನದವರು ಮೊಟ್ಟೆ ಎಂದರು. ಪಳ್ಳಿಯವರು ಕಳ್ಳು ಎಂದರು. ಇಗರ್ಜಿಯವರು ಸುಡುಗಾಡಿನ ಬೂದಿ ಎಂದರು. ಮೊದಲು ಪಿಸುಮಾತು, ಆಮೇಲೆ ಜಗಲಿಯ ಮಾತು, ಕೊನೆಗೆ ಊರಿನ ಮುಖಂಡರೆಲ್ಲ ಸೇರುವ ಹತ್ತು ಸಮಸ್ತರ ಸಭೆ.

ಸಭೆ ಹೀಗೆ ತೀರ್ಮಾನ ಮಾಡಿತಂತೆ. ದುಗ್ಗಿ ಏನು ಬೆರೆಸುತ್ತಾಳೆ ಎಂದು ಹೊಸದಾಗಿ ಕಟ್ಟುತ್ತಿದ್ದ ದೀಪದ ಗೋಪುರದ ಗಾರೆ ಶುರುವಾಗುವ ಮೊದಲು ಗೊತ್ತಾಗಬೇಕು. ಅದು ಬೆರೆಸಬಾರದ ವಸ್ತುವಾದರೆ ನಾಲ್ಕು ಕಟ್ಟಡದ ಗಾರೆಯನ್ನೂ ಕೆರೆದು ಹಾಕುವುದು, ಅವಳನ್ನು ದೋಣಿ ಹತ್ತಿಸಿ ಊರು ಬಿಡಿಸುವುದು. ಪತ್ತೆ ಮಾಡುವ ಕೆಲಸ ಸುಂಕದ ಕಟ್ಟೆಯ ಕಾವಲುಗಾರ ಅಂತಯ್ಯನಿಗೆ ಬಂತು.

ಅಂತಯ್ಯನ ಬಗ್ಗೆ ಹೇಳಬೇಕು. ಸಂಶಯವೇ ಅವನ ಉದ್ಯೋಗ. ಅಪ್ಪ ಮಾಡಿದ್ದೂ ಅದೇ ಕೆಲಸ. ಧಕ್ಕೆಗೆ ಬಂದ ಪ್ರತಿ ಮೂಟೆಗೂ ಕಬ್ಬಿಣದ ಸಲಾಕೆ ಚುಚ್ಚಿ, ಸಲಾಕೆಯ ತುದಿ ಮೂಸಿ, ಒಳಗೆ ಮೆಣಸೋ ಅಡಿಕೆಯೋ ಎಂದು ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಬಡಿಸಿದ ಇಡ್ಲಿಯನ್ನೂ ಒಮ್ಮೆ ಮಗುಚಿ ನೋಡಿಯೇ ತಿನ್ನುತ್ತಿದ್ದನಂತೆ. ಅಂಥವನು ಸಲಾಕೆ ಹಿಡಿದುಕೊಂಡು ದುಗ್ಗಿಯ ಗೂಡಿನ ಎದುರು ಹೋಗಿ ಕೂತ.

ಯಾಕೆ ಬಂದಿರಿ ಎಂದು ದುಗ್ಗಿ ಕೇಳಲಿಲ್ಲ. ಬಿಸಿಲಲ್ಲಿ ಬಂದವರಿಗೆ ಕೊಡುವ ಹಾಗೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ಅಂತಯ್ಯ ಬೆಲ್ಲವನ್ನು ಶಂಕಿಸಿದ. ಅರ್ಧ ಮುರಿದು ಕಾಗೆಗೆ ಹಾಕಿದ. ಕಾಗೆ ತಿಂದು ಸುಖವಾಗಿ ಹಾರಿಹೋದ ಮೇಲೆ ಉಳಿದರ್ಧ ತಾನು ತಿಂದು, ನೀರನ್ನು ಗಟಗಟ ಕುಡಿದ. ನೀರನ್ನು ಶಂಕಿಸುವುದು ಅವನಿಗೆ ಹೊಳೆಯಲೇ ಇಲ್ಲ.

ದಿನವೂ ಹೋದ, ದಿನವೂ ಕೂತ. ಚಿಪ್ಪಿನ ರಾಶಿಗೆ ಸಲಾಕೆ ಚುಚ್ಚಿದ. ಬೆಲ್ಲದ ಮಡಕೆ ಮೂಸಿದ, ಅಳಲೆಕಾಯಿ ನೆನೆಹಾಕಿದ ಹಂಡೆಗೆ ಕೈ ಅದ್ದಿದ. ಒಮ್ಮೆ ಗಾರೆಯನ್ನೇ ನೆಕ್ಕಿ ನೋಡಿ ನಾಲಿಗೆ ಸುಟ್ಟುಕೊಂಡು, ನಾಲ್ಕು ದಿನ ಗಂಜಿ ಕುಡಿದನಂತೆ. ಮೊಟ್ಟೆಯೂ ಇಲ್ಲ, ಕಳ್ಳೂ ಇಲ್ಲ, ಬೂದಿಯೂ ಇಲ್ಲ. ಏನೂ ಸಿಗದೆ ಹೋದಷ್ಟೂ ಅವನಿಗೆ ಸಂಶಯ ಹೆಚ್ಚಾಯಿತು. ಮಧ್ಯಾಹ್ನ ಆಗುತ್ತಿದ್ದ ಹಾಗೆ ಬೆಲ್ಲ, ನೀರು. ಆ ನೀರು ಎಷ್ಟು ಸಿಹಿ ಎಂದರೆ, ಬೆಲ್ಲ ಇಲ್ಲದೆಯೂ ಕುಡಿಯಬಹುದು ಎಂದು ಅವನೇ ಹೆಂಡತಿಯ ಹತ್ತಿರ ಹೇಳಿದ್ದನಂತೆ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ದಿನ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಕೊಟ್ಟ ನೀರು ಬಾಯಿಗೆ ಉಪ್ಪುಪ್ಪಾಗಿ ತಗಲಿತು. ಅವನು ಲೋಟ ಕೆಳಗಿಟ್ಟ. ಬಂದರು ಬೀದಿಯ ಬಾವಿಗಳೆಲ್ಲ ಉಪ್ಪು. ಹೊಳೆಯಲ್ಲೂ ಉಬ್ಬರದ ಉಪ್ಪುನೀರೇ. ಹಾಗಾದರೆ ದುಗ್ಗಿಯ ತಂಬಿಗೆಗೆ ಸಿಹಿನೀರು ಎಲ್ಲಿಂದ ಬಂತು? ಏನು ಬೆರೆಸುತ್ತಾಳೆ ಎಂದು ಊರೆಲ್ಲ ಕೇಳಿತ್ತು. ಯಾವ ನೀರಲ್ಲಿ ಕಲಸುತ್ತಾಳೆ ಎಂದು ಒಬ್ಬರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಅವಳ ಹಿಂದೆ ಹಿಂದೆ ಹೋದ. ಎರಡು ಕೊಡ ಹಿಡಿದು ದುಗ್ಗಿ ಬಂದರು ಬೀದಿಯುದ್ದಕ್ಕೂ ನಡೆದಳು. ಸುಂಕದ ಕಟ್ಟೆ ದಾಟಿದಳು, ಪೌಳಿ ದಾಟಿದಳು, ಪಳ್ಳಿ ದಾಟಿದಳು, ಇಗರ್ಜಿ ದಾಟಿದಳು. ಗುಡ್ಡದ ಬುಡದಲ್ಲಿ ಎಡಕ್ಕೆ ತಿರುಗಿ, ಒಂದು ಮುಳ್ಳುಬೇಲಿಯನ್ನು ಸರಿಸಿ ಒಳಗೆ ಹೋದಳು. ಅಂತಯ್ಯನ ಕಾಲು ಅಲ್ಲೇ ನಿಂತಿತು. ಅದು ಸಿಡುಬಿನ ಹಿತ್ತಿಲು.

ಹಿಂದೊಮ್ಮೆ ಊರಿಗೆ ಸಿಡುಬು ಬಂದಾಗ, ಕಾಯಿಲೆ ಬಿದ್ದವರನ್ನೆಲ್ಲ ಎತ್ತಿ ಆ ಹಿತ್ತಿಲಿಗೆ ಹಾಕಿ, ಸುತ್ತ ಮುಳ್ಳು ಕಟ್ಟಿದ್ದರಂತೆ. ಬೇಲಿಗೆ ಕಾವಲು ನಿಂತವನು ಅಂತಯ್ಯನ ಅಪ್ಪನೇ. ತಾನು ಕಾವಲಿದ್ದಷ್ಟು ದಿನ ಒಬ್ಬರನ್ನೂ ಹೊರಗೆ ಬಿಡಲಿಲ್ಲ ಎಂದು ಅವನು ಸಾಯುವವರೆಗೂ ಹೆಮ್ಮೆಯಿಂದ ಹೇಳುತ್ತಿದ್ದ. ಆಮೇಲೆ ಆ ಜಾಗಕ್ಕೆ ಯಾರೂ ಕಾಲಿಟ್ಟಿರಲಿಲ್ಲ.

ಬೇಲಿಯ ಸಂದಿಯಿಂದ ಅಂತಯ್ಯ ನೋಡಿದ. ದುಗ್ಗಿ ಒಂದು ಬಾವಿಯ ಎದುರು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ನೀರು ಸೇದುತ್ತಿದ್ದಳು. ಇದೇ ತಾನು ಎರಡು ತಿಂಗಳಿಂದ ಕುಡಿದ ನೀರು! ಓಡಿ ಒಳಗೆ ಹೋಗಿ, ಬಾವಿಗೆ ಬಗ್ಗಿ, ಆ ನೀರಲ್ಲೇ ತನ್ನ ಮುಖದಲ್ಲಿ ಗುಳ್ಳೆ ಎದ್ದಿದೆಯೇ ಎಂದು ನೋಡಿಕೊಂಡನಂತೆ. ಗುಳ್ಳೆ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಮುಖ ಕಾಣಿಸಿತು, ಕಲೆ ತುಂಬಿದ ಮುಖ. ಆ ಕಲೆಯನ್ನು ಊರೆಲ್ಲ ನೋಡಿತ್ತು. ಎಲ್ಲಿಯದು ಎಂದು ಯಾರೂ ಕೇಳಿರಲಿಲ್ಲ.

ಅವನು ಕೇಳುವ ಮೊದಲೇ ದುಗ್ಗಿ ಹೇಳಿದಳಂತೆ.

"ಈ ಬಾವಿ ತೋಡದ್ದ್ ಇಲ್ಲಿ ಮನಿಕಂಡವ್ರೇ ಅಯ್ಯ. ಊರಿಂದ ಒಂದ್ ಕೊಡ ನೀರ್ ಬರ್ಲಿಲ್ಲ. ತೆಂಗಿನ್ ಗೆರಟೆ ಹಿಡ್ಕಂಡ್ ತೋಡ್ರ್. ನನ್ನಬ್ಬೆಯೂ ತೋಡ್ತ್. ನೀರ್ ಬಪ್ಪ ಹೊತ್ತಿಗೆ ಕುಡುಕೆ ಉಳ್ದದ್ದ್ ನಾನೊಬ್ಳೇ."

ಹಾಗಿದ್ದರೆ ಈ ಊರಿಗೆ ಮತ್ತೆ ಯಾಕೆ ಬಂದೆ ಎಂದು ಅಂತಯ್ಯ ಕೇಳಿದ. ಅವಳು ಕೊಡ ಸೊಂಟಕ್ಕೇರಿಸಿ, "ಅವ್ರ್ ತೋಡದ್ ನೀರ್ ಹಾಳಾಪುಕಾಗ" ಎಂದಳು. ಹಾಳಾಗಬಾರದು, ಅಷ್ಟೇ. ಹೇಳಿ ನಡೆದುಬಿಟ್ಟಳು.

ಅಂತಯ್ಯ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ನಿಜ ಹೇಳಿದರೆ ದುಗ್ಗಿಗೆ ದೋಣಿ ಖಂಡಿತ. ಆ ನೀರು ಕುಡಿದವನೆಂದು ತನಗೂ ಅದೇ ದೋಣಿ. ಊರಿನವರನ್ನು ಅವನು ಚೆನ್ನಾಗಿ ಬಲ್ಲ, ಅವನೂ ಅವರಲ್ಲೊಬ್ಬನಲ್ಲವೇ. ಹೆದರಿಕೆ ಒಂದು ಕಡೆ. ಅಪ್ಪನ ನೆನಪು ಇನ್ನೊಂದು ಕಡೆ. ಬೇಲಿಯ ಒಳಗೆ ತೆಂಗಿನ ಕರಟದ ಗೆರಟೆಯಲ್ಲಿ ಮಣ್ಣು ಕೆರೆಯುವ ಸದ್ದು ಅಪ್ಪನಿಗೆ ಕೇಳಿಸಿರಲೇಬೇಕು. ಅದನ್ನು ನೆನೆದು ಅವನು ಅತ್ತನಂತೆ. ಅಂತಯ್ಯ ಅತ್ತದ್ದನ್ನು ಹೆಂಡತಿ ಅದೇ ಮೊದಲು ಕಂಡದ್ದು.

ಸಭೆಯ ದಿನ ಬಂತು. ಸುಂಕದ ಕಟ್ಟೆಯ ಜಗಲಿಯಲ್ಲಿ ಹತ್ತು ಸಮಸ್ತರೂ ಕೂತರು. ದುಗ್ಗಿ ಕೆಳಗೆ ಬಿಸಿಲಲ್ಲಿ ನಿಂತಿದ್ದಳು. ಧಕ್ಕೆಯಲ್ಲಿ ದೋಣಿಯೂ ಸಿದ್ಧವಾಗಿತ್ತಂತೆ. ಅಂತಯ್ಯ ಸಲಾಕೆ ತರಲಿಲ್ಲ. ಹೆಗಲ ಮೇಲೆ ಒಂದು ಕೊಡ, ಕೈಯಲ್ಲಿ ಬೆಲ್ಲದ ತಟ್ಟೆ. ಬಿಸಿಲಲ್ಲಿ ಬಂದವರು ಮೊದಲು ಬಾಯಾರಿಕೆ ತೀರಿಸಿಕೊಳ್ಳಿ ಎಂದು ಎಲ್ಲರಿಗೂ ಬೆಲ್ಲ ಹಂಚಿದ, ನೀರು ಕೊಟ್ಟ. ದೇವಸ್ಥಾನದವರು ಕುಡಿದರು, ಪಳ್ಳಿಯವರು ಕುಡಿದರು, ಇಗರ್ಜಿಯವರು ಕುಡಿದರು. ಸಭೆಗೆ ಹಿರಿಯರಾದ ಊರಿನ ಗುರಿಕಾರರು ಎರಡು ಸಲ ಕೇಳಿ ಕುಡಿದು, ಇಷ್ಟು ಸಿಹಿನೀರು ಈ ಜನ್ಮದಲ್ಲಿ ಕುಡಿದಿಲ್ಲ ಎಂದು ಮೀಸೆ ಒರೆಸಿಕೊಂಡರು.

ಆಗ ಅಂತಯ್ಯ, ದುಗ್ಗಿ ಬೆರೆಸುವುದು ಇದನ್ನೇ, ಬೇರೇನೂ ಇಲ್ಲ ಎಂದ. ಉಪ್ಪುನೀರಲ್ಲಿ ಕಲಸಿದ ಗಾರೆ ಉದುರಿತು, ಇದರಲ್ಲಿ ಕಲಸಿದ್ದು ನಿಂತಿತು ಎಂದ.

ಯಾವ ಬಾವಿಯ ನೀರು ಎಂದು ಗುರಿಕಾರರು ಕೇಳಿದರು.

"ಹೇಳ್ತೆ ಗುರಿಕಾರ್ರೆ" ಎಂದ ಅಂತಯ್ಯ. "ಆದ್ರೆ ಹೇಳದ್ ಮೇಲೆ ಯಾರಿಗೂ ಕುಡಿಲಿಲ್ಲ ಅಂತ ಹೇಳುಕೆ ಆತಿಲ್ಲೆ."

ಜಗಲಿಯಲ್ಲಿ ಒಬ್ಬರು ಕೊಡ ನೋಡಿದರು, ಒಬ್ಬರು ಗುಡ್ಡದ ಕಡೆ ನೋಡಿದರು, ಒಬ್ಬರು ದುಗ್ಗಿಯ ಮುಖವನ್ನು ಅದೇ ಮೊದಲು ಸರಿಯಾಗಿ ನೋಡಿದರು. ಆಮೇಲೆ ಗುರಿಕಾರರು ಎದ್ದು ಶಾಲು ಕೊಡವಿ, ಗೋಪುರದ ಕೆಲಸ ನಾಳೆಯೇ ಶುರುವಾಗಲಿ ಎಂದರು. ಸಭೆ ಮುಗಿಯಿತು. ಮುಂದೆ ಎಷ್ಟೋ ದಿನ ಹತ್ತು ಸಮಸ್ತರೂ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ನೋಡುತ್ತಿದ್ದರು ಎನ್ನುತ್ತಾರೆ. ಯಾರಿಗೂ ಏನೂ ಆಗಲಿಲ್ಲ.

ದುಗ್ಗಿ ಗೋಪುರ ಮುಗಿಸಿದಳು. ಮುಗಿಸಿ ಎಷ್ಟು ವರ್ಷ ಬದುಕಿದಳೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಳ್ಳುಬೇಲಿಯನ್ನು ಊರು ಕೀಳಲಿಲ್ಲ. ಆದರೆ ಬೇಲಿಯ ನಡುವೆ ಒಂದು ಕಾಲುದಾರಿ ಸವೆದಿದೆ. ಯಾರು ಸವೆಸಿದರು ಎಂದು ಕೇಳಿದರೆ ಎಲ್ಲರೂ ಪಕ್ಕದ ಮನೆಯವರ ಹೆಸರು ಹೇಳುತ್ತಾರೆ.

ಇಂದಿಗೂ ಬಂದರು ಬೀದಿಯಲ್ಲಿ ಮನೆ ಕಟ್ಟುವವರು ಮೊದಲ ಸಿಮೆಂಟು ಕಲಸುವಾಗ ಎಲ್ಲಿಂದಲೋ ಒಂದು ಕೊಡ ನೀರು ತರುತ್ತಾರೆ. ಯಾವ ಬಾವಿಯದು ಎಂದು ಮೇಸ್ತ್ರಿ ಕೇಳುವ ಹಾಗಿಲ್ಲ. ಕಲಸುವ ಮೊದಲು ಅದರಿಂದ ಒಂದು ಗೆರಟೆ ತುಂಬಿಸಿ, ಹೊಸಿಲು ಬರುವ ಜಾಗದಲ್ಲಿ ಇಡುತ್ತಾರೆ. ಮೊದಲು ಹಾಗೆ ಇಟ್ಟವನು ಅಂತಯ್ಯನಂತೆ, ಸುಂಕದ ಕಟ್ಟೆಯ ಬಾಗಿಲಲ್ಲಿ. ಆ ನೀರನ್ನು ಯಾರೂ ಮುಟ್ಟುವುದಿಲ್ಲ. ಅದು ನೀರು ಬರುವ ಮೊದಲೇ ಹೋದವರ ಪಾಲು.