ನಾದಸ್ವರದ ಪೆಟ್ಟಿಗೆ ಹೊಕ್ಕ ಸಿಗಾರು

ನಾದಸ್ವರ ನುಡಿಸುವ ಗವಿಯಪ್ಪನವರ ಮೇಜಿನ ಮೇಲೆ ಒಂದು ಗಿಡ್ಡ ಸಿಗಾರು ಇತ್ತು. ಪಕ್ಕದಲ್ಲಿದ್ದ ಚರ್ಮದ ಸಿಗಾರು ಕೇಸು ಅದನ್ನು ಕರೆಯಿತು: "ಬನ್ನಿ, ನಿಮ್ಮ ಅಳತೆಗೆ ನಾನೇ ಸರಿ."

"ಗೇಣುದ್ದವೂ ಇಲ್ಲದ ನೀನು ನನಗೆ ಮನೆಯೇ? ನನ್ನ ಘನತೆಗೆ ತಕ್ಕ ಮನೆ ಅಗೋ, ಅಲ್ಲಿದೆ!" ಎಂದು ಸಿಗಾರು ತೆರೆದಿದ್ದ ನಾದಸ್ವರದ ಪೆಟ್ಟಿಗೆಯೊಳಕ್ಕೆ ಉರುಳಿತು.

ಮದುವೆ ಛತ್ರದವರೆಗೂ ರಸ್ತೆಯ ತುಂಬ ಹೊಂಡ. ಆಟೋ ಕುಲುಕಿದಾಗಲೆಲ್ಲ ನಾದಸ್ವರ ಹೊರಳಿ ಹೊರಳಿ ಸಿಗಾರನ್ನು ಅರೆಯಿತು. ಪುಡಿಯೆಲ್ಲ ವಾದ್ಯದೊಳಗೆ ಸೇರಿತು.

ಮುಹೂರ್ತಕ್ಕೆ ಸರಿಯಾಗಿ ಗವಿಯಪ್ಪನವರು ಜೋರಾಗಿ ಊದಿದರು. ಪುರೋಹಿತರು ಸೀನಿದರು. ಮದುಮಗನೂ ಸೀನಿದ. ತಾಳಿ ಕೈಜಾರಿ ಅತ್ತೆಯ ಮಡಿಲಿಗೆ ಬಿತ್ತು.

ನೆಲದ ತುಂಬ ಚದುರಿದ್ದ ಸಿಗಾರು, ಗವಿಯಪ್ಪನವರ ಜೇಬಿನಲ್ಲಿದ್ದ ಕೇಸನ್ನು ಕೇಳಿತು: "ಈಗ ಬರಲೇ?"

"ಕ್ಷಮಿಸಿ," ಎಂದಿತು ಕೇಸು. "ಈಗ ನಿಮ್ಮ ಅಳತೆಗೆ ನಶ್ಯದ ಡಬ್ಬಿಯೇ ಸರಿ."