ನಡುಬಂಡೆಯ ಆಚೆಗೆ ಹೋದ ಗುಂಡು

“ಶಕ್ತಿ ಬಂದ ಮೇಲೆ ದಣಿವು ಹೋಗುತ್ತದೆಯೇ, ಬುದ್ಧಿ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನ ಹೆಸರು ಗುರುಶಾಂತ. ಮಠಕ್ಕೆ ಬಂದವರ ಕಷ್ಟ ಕೇಳುವುದು ಅವನ ಪಾಲಿನ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೇಳಿ ಕೇಳಿ ಅವನ ಮುಖ ಬಾಡಿತ್ತು.

“ಮಗ ಉಳಿಯುತ್ತಾನೆಯೇ ಎನ್ನುತ್ತಾರೆ. ಗಂಡ ಬರುತ್ತಾನೆಯೇ ಎನ್ನುತ್ತಾರೆ. ನನ್ನ ಕೈಲಾಗದು ತಾಯಿ ಎಂದು ಹೇಳಿ ಕಳಿಸುತ್ತೇನೆ. ಹೇಳಿ ಹೇಳಿ ನಾಲಿಗೆ ಸವೆಯಿತು. ಕೈಲಾಗುವ ಕಾಲ ಬಂದರೆ ನೆಮ್ಮದಿಯಾದೀತು ಅನ್ನಿಸುತ್ತದೆ.”

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯಲ್ಲಿ ಒಂದು ಕೋಟೆ. ಕೋಟೆಗೊಬ್ಬ ನಾಯಕ. ಈಚೆ ದಡ ಅವನದು, ಆಚೆ ದಡ ಬೇರೆಯವರದು. ನಾಯಕ ಜನರನ್ನು ಬಿಟ್ಟಿ ದುಡಿಸುತ್ತಿದ್ದ. ಕೋಟೆಗೆ ಕಲ್ಲು ಹೊರಿಸುತ್ತಿದ್ದ, ಹೊಟ್ಟೆಗೆ ಹಾಕುತ್ತಿರಲಿಲ್ಲ. ತಾಳಲಾರದವರು ಹರಿಗೋಲು ಹತ್ತಿ ಆಚೆ ದಡಕ್ಕೆ ಓಡುತ್ತಿದ್ದರು. ಓಡುವವರಿಗೆ ಗುಂಡು ಹಾಕಿ ಎಂದು ನಾಯಕ ಬುರುಜಿನ ಮೇಲೆ ಕಾವಲು ಇಟ್ಟಿದ್ದ.

ಹೊಳೆಯ ನಡುವೆ ಒಂದು ಬಂಡೆಯಿತ್ತು. ಅದರ ಆಚೆಗೆ ಬಂದೂಕಿನ ಗುರಿ ನಿಲ್ಲುತ್ತಿರಲಿಲ್ಲ. ಗುಂಡು ನೀರಿಗೆ ಬೀಳುತ್ತಿತ್ತು. ಹರಿಗೋಲು ಬಂಡೆಯ ಈಚೆ ಇರುವಾಗ ಕಾವಲುಗಾರರಿಗೆ ಮದ್ದಿನ ಚೀಲ ಬೇಗ ಸಿಗುತ್ತಿರಲಿಲ್ಲ. ಬಂಡೆ ದಾಟಿದ ಮೇಲೆ ಎಲ್ಲರೂ ಒಟ್ಟಿಗೆ ಗುಂಡು ಹಾರಿಸುತ್ತಿದ್ದರು. “ದೂರವಾಯಿತು, ಒಡೆಯಾ” ಎನ್ನುತ್ತಿದ್ದರು. ನಾಯಕ ಬೈದು ಇಳಿದು ಹೋಗುತ್ತಿದ್ದ. ನಡುಬಂಡೆ ದಾಟಿದವನು ಬದುಕಿದ ಎಂದು ಊರಲ್ಲಿ ಮಾತಾಗಿತ್ತು.

ಆ ಕಾವಲಿನಲ್ಲಿ ಭರಮ ಎಂಬವನಿದ್ದ. ಯಾವುದೋ ಕಾಳಗದಲ್ಲಿ ಅವನ ಎಡಗೈ ಮುರಿದು ಸೆಟೆದುಹೋಯಿತು. ಉದ್ದ ಬಂದೂಕು ಎತ್ತುವಂತಿರಲಿಲ್ಲ. ಕಾವಲಿನ ಕೆಲಸ ತಪ್ಪಿದರೆ ತಾನೂ ಹೆಂಡತಿಯೂ ಬಿಟ್ಟಿಗೆ ಹೋಗಬೇಕು. ಅವನು ನಾಯಕನ ಕಾಲು ಹಿಡಿದ. ನಾಯಕ ಒಂದು ಪಿಸ್ತೂಲು ಕೊಟ್ಟು, “ಇದು ಹತ್ತಿರ ಬಂದವರಿಗೆ. ಬಾಗಿಲಲ್ಲಿ ನಿಂತಿರು” ಎಂದ.

ಜೊತೆಯವರು ನಕ್ಕರು. ಇದರ ಸದ್ದಿಗೆ ಹೊಳೆಯ ಮೀನು ಕೂಡ ಹೆದರುವುದಿಲ್ಲ ಎಂದರು. ಆ ನಗು ಭರಮನಿಗೆ ನಾಟಿತು.

ಕೋಟೆಯ ಹಿಂದೆ ಬೋಳು ಬಯಲು. ಅಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದು ಹೊಡೆಯತೊಡಗಿದ. ತಾಗಿದಾಗಲೆಲ್ಲ ಇನ್ನಷ್ಟು ದೂರದ ಕಲ್ಲಿಗೆ ಸುಣ್ಣ ಬಳಿದ. ಗಿಡ್ಡ ನಳಿಗೆ. ಇಲ್ಲಿ ಕೈ ಕೂದಲೆಳೆಯಷ್ಟು ಅದುರಿದರೆ ಅಲ್ಲಿ ಗುಂಡು ಒಂದು ಮಾರು ಪಕ್ಕಕ್ಕೆ ಹೋಗುತ್ತಿತ್ತು. ನಿಂತು ಹೊಡೆಯುವುದನ್ನು ಬಿಟ್ಟ. ಬಂಡೆಗೆ ಬೆನ್ನು ಕೊಟ್ಟು, ಮೊಣಕಾಲು ಎತ್ತಿ, ಅವುಗಳ ನಡುವೆ ಮುಂಗೈ ಇರುಕಿಸಿ ಕೂತು ಹೊಡೆದ. ದೂರ ಹೋದಂತೆ ಗುಂಡು ಬಾಗಿ ಇಳಿಯುತ್ತದೆ. ಆದ್ದರಿಂದ ಕಲ್ಲಿನ ಮೇಲಿನ ಬರಿಯ ಗಾಳಿಗೆ ಗುರಿ ಹಿಡಿಯಲು ಕಲಿತ. ಎಷ್ಟು ಮೇಲೆ ಎಂಬುದನ್ನು ಧೂಳು ಏಳುವ ಜಾಗ ಹೇಳಿಕೊಟ್ಟಿತು. ಕಣ್ಣು ಕಲ್ಲನ್ನು ನೋಡಿದರೆ ಗುರಿ ತಪ್ಪುತ್ತಿತ್ತು. ನಳಿಗೆಯ ತುದಿಯ ಮೊನೆಯನ್ನೇ ನೋಡಬೇಕು, ಕಲ್ಲು ಮಸುಕಾಗಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಬೆರಳು. ಈಗ ಹೊಡೆಯುತ್ತೇನೆ ಎಂದು ಮನಸ್ಸು ಅಂದರೆ ಸಾಕು, ಕೈ ಬೆಚ್ಚುತ್ತಿತ್ತು. ಮನಸ್ಸಿಗೆ ಸುಳಿವು ಕೊಡದೆ ಬೆರಳು ಮೆಲ್ಲಗೆ ಒತ್ತುತ್ತಾ ಹೋಗಬೇಕು. ಗುಂಡು ಹಾರಿದ ಮೇಲೆಯೇ ಹಾರಿತೆಂದು ತಿಳಿಯಬೇಕು. ಇದನ್ನು ಕಲಿಯುವಷ್ಟರಲ್ಲಿ ಅವನ ತಲೆ ನರೆಯಿತು. ಕಿವಿ ಮಂದವಾಯಿತು. ಹೆಂಡತಿ ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ.

ಆದರೆ ಬಂದೂಕು ಮುಟ್ಟದ ಕಲ್ಲನ್ನು ಅವನ ಪಿಸ್ತೂಲು ಮುಟ್ಟಿತು. ಜೊತೆಯವರು ನಗುವುದನ್ನು ಬಿಟ್ಟರು. ಸುದ್ದಿ ನಾಯಕನಿಗೆ ಹೋಯಿತು. ಅವನು ನೆಂಟರನ್ನು ಕರೆತಂದು ಬಯಲಲ್ಲಿ ಕೂರಿಸಿ ತೋರಿಸಿದ. ಭರಮನಿಗೆ ಅಂದು ಹೊಟ್ಟೆ ತುಂಬಿದ ಹಾಗಾಯಿತು.

ಕೆಲವು ದಿನಗಳ ಮೇಲೆ ಬೆಳಿಗ್ಗೆ ಒಂದು ಹರಿಗೋಲು ಹೊರಟಿತು. ಕಾವಲುಗಾರರು ಎಂದಿನಂತೆ ಮದ್ದು ಹುಡುಕಿದರು, ಎಂದಿನಂತೆ ನೀರಿಗೆ ಹೊಡೆದರು. ಹರಿಗೋಲು ನಡುಬಂಡೆ ದಾಟಿತು.

“ದೂರವಾಯಿತು, ಒಡೆಯಾ” ಎಂದರು.

“ಭರಮನನ್ನು ಕರೆಯಿರಿ” ಎಂದ ನಾಯಕ.

ಭರಮ ಬುರುಜಿನ ಹಿಂಬದಿಯ ಗೋಡೆಗೆ ಬೆನ್ನು ಕೊಟ್ಟು, ಹೊಳೆ ಕಾಣುವ ಕಂಡಿಯ ಕಡೆ ತಿರುಗಿ ಕೂತ. ಮೊಣಕಾಲು ಎತ್ತಿ ಮುಂಗೈ ಇರುಕಿಸಿದ. ಹೊಡೆಯಬೇಕೇ ಬೇಡವೇ ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಮೊದಲು ಗುರಿ ಹಿಡಿಯೋಣ, ಆಮೇಲೆ ನೋಡೋಣ ಎಂದುಕೊಂಡ. ಮೊನೆ ಸ್ಪಷ್ಟವಾಯಿತು. ಹರಿಗೋಲು ಮಸುಕಾಯಿತು. ಅವನು ಇನ್ನೂ ಯೋಚಿಸುತ್ತಿದ್ದ. ಗುಂಡು ಹಾರಿತ್ತು.

ಹರಿಗೋಲು ಸುತ್ತುತ್ತಾ ಸುತ್ತುತ್ತಾ ಈಚೆ ದಡಕ್ಕೆ ಬಂತು. ಅದರಲ್ಲಿ ಒಬ್ಬ ನೇಕಾರ ಸತ್ತು ಬಿದ್ದಿದ್ದ. ಎದೆಗೆ ಅವುಚಿದ ಗಂಟಿನಲ್ಲಿ ಬುತ್ತಿಯಿತ್ತು. ಭರಮ ಅವನ ಮುಖವನ್ನು ಆಗಲೇ ಮೊದಲು ನೋಡಿದ್ದು.

ನಾಯಕ ಬೆಳ್ಳಿಯ ಕಡಗ ತೊಡಿಸಿದ. ಬಾಗಿಲ ಕಾವಲು ಬಿಡಿಸಿ ಬುರುಜಿನ ಮೇಲೆ ಕೂರಿಸಿದ. ಕಾವಲಿನ ಹಿರಿಯ ಒಬ್ಬನೇ ಬಂದು ಅವನ ಪಕ್ಕ ಕೂತ. ಮಂದವಾದ ಕಿವಿಗೆ ಕೇಳುವಂತೆ ಬಾಗಿ ಹೇಳಿದ:

“ಭರಮಾ, ನಾವೆಲ್ಲ ‘ದೂರವಾಯಿತು’ ಎಂಬ ಒಂದು ಮಾತಿನ ಮರೆಯಲ್ಲಿ ಬದುಕಿದ್ದೆವು. ಆ ಮರೆಯನ್ನು ನೀನು ಕಿತ್ತುಹಾಕಿದೆ.”

ಅಂದಿನಿಂದ ಹರಿಗೋಲು ಹೊರಡುವುದು ನಿಂತಿತು. ಜನ ತಲೆ ತಗ್ಗಿಸಿ ಕಲ್ಲು ಹೊತ್ತರು. ಭರಮನ ಹೆಂಡತಿ ನೀರಿಗೆ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಭರಮ ಬುರುಜಿನ ಮೇಲೆ ಕೂತು, ಇವತ್ತು ಯಾರೂ ಹೊರಡದಿರಲಿ ಎಂದು ಹೊಳೆಯನ್ನು ನೋಡುತ್ತಿದ್ದ. ಹಿಂದೆ ದಿನವೆಲ್ಲ ಗುಂಡು ಹೊಡೆದರೂ ದಣಿಯದವನು ಈಗ ಒಂದು ಗುಂಡನ್ನೂ ಹೊಡೆಯದೆ ದಣಿದ. ಉಂಡರೂ ದಣಿವು, ಮಲಗಿ ಎದ್ದರೂ ದಣಿವು. ಕಾವಲು ಬಿಡಿಸಿ ಎಂದು ಕೇಳಿಕೊಂಡ. “ನಿನ್ನಂಥವನನ್ನು ಬಿಡುವವರುಂಟೇ?” ಎಂದು ನಾಯಕ ನಕ್ಕ.

ಕಡೆಗೆ ಒಂದು ಸಂಜೆ ಮತ್ತೊಂದು ಹರಿಗೋಲು ನೀರಿಗಿಳಿಯಿತು. ಒಬ್ಬ ಹೆಂಗಸು ಹುಟ್ಟು ಹಾಕುತ್ತಿದ್ದಳು. ಅವಳ ಕಾಲ ಬಳಿ ಒಬ್ಬ ಮುದುಕ ಮಲಗಿದ್ದ. ಕಾವಲುಗಾರರು ಮದ್ದು ಹುಡುಕುತ್ತಾ ಭರಮನನ್ನು ನೋಡಿದರು. ನಾಯಕ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹರಿಗೋಲು ಬಂಡೆ ದಾಟಿತ್ತು.

“ಹೊಡೆ” ಎಂದ ನಾಯಕ.

ದೂರವಾಯಿತು ಎಂಬ ಮಾತು ಭರಮನ ಗಂಟಲಿಗೆ ಬಂತು. ಆದರೆ ದೂರವಾಗಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇಕೆಂದೇ ನೀರಿಗೆ ಹೊಡೆಯಬಹುದಿತ್ತು. ಆದರೆ ತನ್ನ ಬೆರಳನ್ನು ಅವನು ನಂಬದಾಗಿದ್ದ. ಗುರಿ ಹಿಡಿದರೆ ಅದು ತನ್ನನ್ನು ಕೇಳುವುದಿಲ್ಲ ಎಂದು ಅವನು ಕಂಡಿದ್ದ. ಅವನು ಪಿಸ್ತೂಲನ್ನು ಗೋಡೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

“ಏಕೆ? ಮುಟ್ಟುವುದಿಲ್ಲವೇ?”

“ಮುಟ್ಟುತ್ತದೆ ಒಡೆಯಾ. ನಾನು ಒಲ್ಲೆ.”

ಬುರುಜಿನ ಮೇಲೆ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ನಾಯಕ ಉಳಿದವರ ಕಡೆ ತಿರುಗಿ ಕೂಗಿದ. ಬಂದೂಕುಗಳು ಹಾರಿದವು. ಗುಂಡುಗಳು ನೀರಿಗೆ ಬಿದ್ದವು. ಆಚೆ ದಡದಲ್ಲಿ ಹೆಂಗಸು ಮುದುಕನನ್ನು ಬೆನ್ನಿಗೆ ಹಾಕಿಕೊಂಡು ಇಳಿದುಹೋದಳು.

ನಾಯಕ ಭರಮನ ಆ ಬೆರಳನ್ನು ಕಡಿಸಿದ. ಕಡಗ ಕಿತ್ತುಕೊಂಡು, ಗಂಡಹೆಂಡಿರನ್ನು ಬಿಟ್ಟಿಗೆ ದಬ್ಬಿದ. ಎಡಗೈ ಸೆಟೆದವನು, ಬಲಗೈಗೆ ಬಟ್ಟೆ ಸುತ್ತಿದವನು, ತಲೆಯ ಮೇಲೆ ಕಲ್ಲಿನ ಬುಟ್ಟಿ ಹೊತ್ತು ಸಾಲಿನ ಕೊನೆಗೆ ನಿಂತ. ಯಾರೂ ಮಾತಾಡಿಸಲಿಲ್ಲ. ಬಿಸಿಲು ಏರಿದಾಗ ಒಬ್ಬ ಮುದುಕಿ ಬಂದು ಅವನ ಬಾಯಿಗೆ ನೀರು ಹನಿಸಿ ಹೋದಳು. ಅವಳು ಸತ್ತ ನೇಕಾರನ ತಾಯಿ ಎಂದು ಹೆಂಡತಿ ಆಮೇಲೆ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

“ಅವನ ದಣಿವು ಹೋಯಿತೇ, ಬುದ್ಧಿ?” ಎಂದ ಗುರುಶಾಂತ.

“ಕಲ್ಲು ಹೊರುವವನಿಗೆ ದಣಿವು ಹೋಗುತ್ತದೆಯೇ?”

“ಹಾಗಾದರೆ ಅಷ್ಟು ಕಲಿತು ಅವನಿಗೆ ಬಂದದ್ದೇನು? ಕಲಿಯದಿದ್ದರೆ ನೇಕಾರ ಬದುಕುತ್ತಿದ್ದ. ಇವನೂ ಎಲ್ಲರಂತೆ ದೂರವಾಯಿತು ಎಂದು ಹೇಳಿಕೊಂಡು ಇರುತ್ತಿದ್ದ.”

“ಇರುತ್ತಿದ್ದ” ಎಂದರು ಗುರುಗಳು. “ಆದರೆ ‘ಒಲ್ಲೆ’ ಎನ್ನಲು ಮೊದಲು ಕೈಲಾಗಬೇಕಲ್ಲ, ಮಗನೇ.”

ಗುರುಶಾಂತ ಎದ್ದು, ಬಾಗಿಲಲ್ಲಿ ಕಾದಿದ್ದವರ ಕಡೆಗೆ ನಡೆದ.