ಹಿಂದಿನ ಸೀಟಿನ ಮೇಲೆ ಒಂದು ಲೋಟ ಚಹಾ

ಬಹಳ ಹಿಂದೆ, ಎರಡು ಹೆದ್ದಾರಿ ಕೂಡುವಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಮೋಟಾರ್ ಸೈಕಲ್ ಬಂದಿತ್ತು, ಆದರೆ ಅದನ್ನು ಒದ್ದು ಎಬ್ಬಿಸಬೇಕಿತ್ತು, ಅಷ್ಟು ಹಿಂದೆ ಅಂತಿಟ್ಟುಕೊಳ್ಳಿ. ಊರಿನ ಹೆಸರು ಎರೆಗುಡ್ಡ ಕ್ರಾಸ್. ಅಲ್ಲಿ ಒಂದು ಬೇವಿನ ಮರ, ಮರದ ಪಕ್ಕ ಒಂದು ಚಹಾದ ಹೋಟೆಲು, ಹೋಟೆಲಿನ ಪಕ್ಕ ಒಂದು ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಕಮ್ಮಾರ ಮಾನಪ್ಪ ಇದ್ದ.

ಮಾನಪ್ಪನ ಅಪ್ಪ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ. ಮಗ ಮೋಟಾರ್ ಸೈಕಲ್ಲಿಗೆ ಕೈ ಹಾಕಿದ. ರಿಪೇರಿ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ ಬಿಡಿ. ಮಾನಪ್ಪನ ಹೆಸರು ನಿಂತದ್ದು ಬೇರೆ ಕಾರಣಕ್ಕೆ. ದೂರ ದೇಶ ಸುತ್ತುವವರು, ಹಿಮದ ಬೆಟ್ಟ ನೋಡಬೇಕು ಅನ್ನುವವರು, ಹಳೆಯ ಗಾಡಿ ಕೊಳ್ಳುವ ಮೊದಲು ಅವನ ಹತ್ತಿರ ಬರುತ್ತಿದ್ದರು. ಮಾನಪ್ಪ ಹೂಂ ಅಂದರೆ ಕೊಂಡರು, ಉಹೂಂ ಅಂದರೆ ಬಿಟ್ಟರು. ಹಾಗಂತಾರೆ.

ಬಂದ ಗಾಡಿಯನ್ನು ಅವನು ಕೂಡಲೇ ಚಾಲು ಮಾಡುತ್ತಿರಲಿಲ್ಲ. ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಮಾರುವವನ ಮುಖ ನೋಡಿ ನಗುತ್ತಿದ್ದ.

"ಯಾಕ್ರೀ, ಕನ್ಯಾ ತೋರ್ಸೂ ಮೊದ್ಲ ಪೌಡರ್ ಹಚ್ಚಿ ತಂದೀರಿ? ಕೂಡ್ರಿ, ಚಾ ಕುಡೀರಿ. ತಣ್ಣಗಾಗ್ಲಿ."

ಬಿಸಿ ಇಂಜಿನ್ ಯಾವುದಾದರೂ ಒಂದೇ ಒದೆತಕ್ಕೆ ಏಳುತ್ತದೆ. ತಣ್ಣಗಿದ್ದಾಗ ಏಳುವುದೇ ನಿಜವಾದ ಗಾಡಿ. ಅದು ಪೂರ್ತಿ ತಣ್ಣಗಾಗುವ ತನಕ ಮಾರುವವನು, ಕೊಳ್ಳುವವನು ಬೇವಿನ ಕೆಳಗೆ ಕೂತಿರಬೇಕು. ಆಮೇಲೆ ಒದೆತ, ಆಮೇಲೆ ಕಿವಿ. ಹೊಗೆಯ ವಾಸನೆ ನೋಡಿ ಗಾಡಿ ಯಾವ ಘಾಟಿ ಹತ್ತಿದೆ ಅಂತ ಹೇಳುತ್ತಿದ್ದನಂತೆ. ಬಿದ್ದು ಬಣ್ಣ ಬಳಿಸಿಕೊಂಡು ಬಂದ ಗಾಡಿಯನ್ನು ನೋಡಿ, ಓಡಿಸುವವನ ಯಾವ ಕೈ ಮುರಿದಿತ್ತು ಅಂತಲೂ ಹೇಳಿದ್ದನಂತೆ. ಇದನ್ನು ನಾನು ನಂಬಿ ಅನ್ನುವುದಿಲ್ಲ. ಅಂತಾರೆ, ಅಷ್ಟೇ.

ಎಲ್ಲಾ ಮುಗಿದ ಮೇಲೆ ಕೊನೆಯದೊಂದು ಪರೀಕ್ಷೆ. ಹೋಟೆಲಿನಿಂದ ತುಂಬಿದ ಲೋಟ ಚಹಾ ತರಿಸಿ, ಇಂಜಿನ್ ಚಾಲು ಇಟ್ಟು ನಿಲ್ಲಿಸಿದ ಗಾಡಿಯ ಹಿಂದಿನ ಸೀಟಿನ ಮೇಲೆ ಇಡುತ್ತಿದ್ದ. ಚಹಾ ಎಷ್ಟು ತುಳುಕುತ್ತದೆ ಅಂತ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಯಾಕೆ ಮುಂದಿನ ಸೀಟಲ್ಲ, ಯಾಕೆ ಟ್ಯಾಂಕಿನ ಮೇಲಲ್ಲ ಅಂತ ಯಾರೂ ಕೇಳಲಿಲ್ಲ. ಕಸುಬಿನ ಗುಟ್ಟು ಅಂದುಕೊಂಡರು.

ಒಮ್ಮೆ ಗುತ್ತಿಗೆದಾರ ವಿರೂಪಣ್ಣ ಅನ್ನುವವನು ಕನ್ನಡಿಯ ಹಾಗೆ ಮಿಂಚುವ ಪರದೇಶದ ಗಾಡಿ ತಂದ. ಚಹಾ ಒಂದು ಹನಿಯೂ ಚೆಲ್ಲಲಿಲ್ಲ. ಆದರೂ ಮಾನಪ್ಪ ಬೇಡ ಅಂದ. ಘಾಟಿಯಲ್ಲಿ ಒಂದು ಗ್ಯಾಸ್ಕೆಟ್ ಹೋದರೆ ಎಲ್ಲಿಂದ ತರಿಸುತ್ತೀರಿ ಅಂತ ಕೇಳಿದ. ಹಡಗಿನಲ್ಲಿ ಬರಬೇಕು, ಆರು ತಿಂಗಳು ಅಂದ ವಿರೂಪಣ್ಣ. ಮೂಗಿಗಿಂತ ಮೂಗುತಿ ಭಾರ ಆಯಿತಲ್ಲ ಯಜಮಾನ್ರೇ, ಅಂದನಂತೆ ಮಾನಪ್ಪ. ಗಾಡಿಗೆ ಎರಡು ಬೆಲೆ, ಒಂದನ್ನು ಮಾರುವವನು ಹೇಳುತ್ತಾನೆ, ಇನ್ನೊಂದನ್ನು ದಾರಿ ಹೇಳುತ್ತದೆ, ದಾರಿಯ ಜೊತೆ ಚೌಕಾಸಿ ನಡೆಯುವುದಿಲ್ಲ ಅಂತಲೂ ಹೇಳಿದನಂತೆ. ವಿರೂಪಣ್ಣ ಸಿಟ್ಟಾಗಿ ಕೊಂಡ. ಒಂದು ಗ್ಯಾಸ್ಕೆಟ್ ಹೋಗಿ ಆ ಗಾಡಿ ಅವನ ಪಡಸಾಲೆಯಲ್ಲಿ ಕೋಳಿ ಕೂಡುವ ಜಾಗ ಆಯಿತು.

ಇಷ್ಟೆಲ್ಲಾ ಬಲ್ಲ ಮಾನಪ್ಪನ ಹತ್ತಿರ ಸ್ವಂತ ಗಾಡಿ ಇರಲಿಲ್ಲ.

ಅವನ ಹೆಂಡತಿ ನೀಲವ್ವ ಕಡಲ ಬದಿಯ ಊರಿನವಳು. ಹಿತ್ತಿಲ ಬಾಗಿಲು ತೆಗೆದರೆ ಅಲೆಯ ಸದ್ದು ಕೇಳುವ ಮನೆ. ಮದುವೆಯಾಗಿ ಘಾಟಿ ಹತ್ತಿ ಬಸ್ಸಿನಲ್ಲಿ ಬಂದಾಗ ಅವಳಿಗೆ ಎಂಥ ವಾಂತಿ ಆಯಿತೆಂದರೆ ಮೂರು ದಿನ ತಲೆ ಎತ್ತಲಿಲ್ಲ. ಇನ್ನು ಬಸ್ಸು ಹತ್ತೆನು ಅಂತ ಆಣೆ ಮಾಡಿದಳು. ಹೊಸ ಗಂಡ ಮಾನಪ್ಪ ಆಗಲೇ ಮಾತು ಕೊಟ್ಟ: ಒಂದು ಒಳ್ಳೆ ಗಾಡಿ ಸಿಗಲಿ, ಹಿಂದೆ ಕೂಡಿಸಿಕೊಂಡು ಹೋಗುತ್ತೇನೆ, ಕಡಲು ತೋರಿಸುತ್ತೇನೆ.

ಅಂದಿನಿಂದ ನೀಲವ್ವ ಕಾದಳು. ಎರೆಗುಡ್ಡದಲ್ಲಿ ಗಾಳಿ ಜೋರಾಗಿ ಬೀಸಿ ಜೋಳದ ಹೊಲ ಸದ್ದು ಮಾಡಿದರೆ ಕೆಲಸ ಬಿಟ್ಟು ನಿಂತು ಕೇಳುತ್ತಿದ್ದಳು. ತವರಿನಲ್ಲಿ ಒಬ್ಬೊಬ್ಬರಾಗಿ ಎಲ್ಲ ಹೋದರು. ಕಡಲು ಮಾತ್ರ ಉಳಿಯಿತು. ಅವಳಿಗೆ ಆ ಕಡಲೇ ಬೇಕಾಗಿತ್ತು.

ಶೆಡ್ಡಿಗೆ ಗಾಡಿ ಬಂದಾಗಲೆಲ್ಲ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದಳು. ಮಾನಪ್ಪ ಲೋಟ ಇಡುತ್ತಿದ್ದ, ನೋಡುತ್ತಿದ್ದ, ಅವಳ ಕಡೆ ತಿರುಗಿ ತಲೆ ಅಲ್ಲಾಡಿಸುತ್ತಿದ್ದ. ಒಂದರ ಚೈನು ಸವೆದಿತ್ತು. ಒಂದರ ಬೇರಿಂಗ್ ಹಾಡುತ್ತಿತ್ತು. ಒಂದರ ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು. ಅದೇ ಗಾಡಿಯನ್ನು ಕೊಳ್ಳುವವನಿಗೆ, ನಿಮಗ ನಡೀತೈತಿ ತಗೊಳ್ರಿ, ಅನ್ನುತ್ತಿದ್ದ. ನೀಲವ್ವನಿಗೆ ನಡೆಯುವ ಗಾಡಿ ಮಾತ್ರ ಬರಲಿಲ್ಲ. ಅವಳನ್ನು ಹಿಂದೆ ಕೂಡಿಸಿಕೊಂಡು ಘಾಟಿಯ ನಡುವೆ ಕೆಟ್ಟು ನಿಂತರೆ? ಆ ಒಂದು ಹೆದರಿಕೆಗೆ ಅವನು ಲೋಟ ಎತ್ತಿಬಿಡುತ್ತಿದ್ದ. ಹೀಗೆ ಅಳೆದು ಸುರಿದು ವರ್ಷಗಳು ಕಳೆದವು.

ಒಂದು ದಿನ ಆ ಗಾಡಿ ಬಂತು. ಒಬ್ಬನೇ ಯಜಮಾನ, ಒಂದೇ ಕೈಯ ಓಟ. ತಣ್ಣನೆಯ ಇಂಜಿನ್ನು ಒಂದೇ ಒದೆತಕ್ಕೆ ಎದ್ದಿತು. ಬಿಡಿ ಭಾಗ ಯಾವ ಪೇಟೆಯಲ್ಲಾದರೂ ಸಿಗುವಂಥದ್ದು. ಲೋಟ ಇಟ್ಟರೆ ಚಹಾದ ಮೇಲಿನ ಕೆನೆ ಸಹ ಅಲುಗಲಿಲ್ಲ ಅಂತಾರೆ. ಮಾನಪ್ಪ ಚೌಕಾಸಿ ಮಾಡದೆ ಅಲ್ಲೇ ಕೊಂಡ. ಜೀವಮಾನದಲ್ಲಿ ಮೊದಲ ಸಲ ಬಾಗಿಲಿನ ಕಡೆ ತಿರುಗಿ ಹೂಂ ಅಂದ.

ನೀಲವ್ವ ಗಂಟು ಹಿಡಿದುಕೊಂಡೇ ಬಂದಳು. ಅದು ಎಷ್ಟೋ ವರ್ಷದಿಂದ ಕಟ್ಟಿಟ್ಟ ಗಂಟು. ಗಂಡನ ಹೆಗಲು ಹಿಡಿದು ಕಾಲು ಎತ್ತಿದಳು. ಕಾಲು ಸೀಟಿನ ತನಕ ಬರಲಿಲ್ಲ. ಮತ್ತೆ ಎತ್ತಿದಳು. ಮಾನಪ್ಪ ಕಲ್ಲು ತಂದಿಟ್ಟ, ಸ್ಟೂಲು ತಂದಿಟ್ಟ. ಟೊಂಕ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಇಳಿದು ನಿಂತು, "ಗಾಡಿ ಎತ್ತರ ಐತ್ರೀ," ಅಂದಳು. ಗಂಡನ ಮನಸ್ಸು ನೋಯಬಾರದು ಅಂತ ತಪ್ಪನ್ನು ಗಾಡಿಯ ಮೇಲೆ ಹಾಕಿದಳು.

ಮಾನಪ್ಪ ಆಗ ಅವಳನ್ನು ನೋಡಿದ. ತಲೆ ಪೂರಾ ಬೆಳ್ಳಗಾಗಿತ್ತು. ಬಂದ ಗಾಡಿಗೆಲ್ಲ ವಯಸ್ಸು ಕೇಳಿದ್ದ, ಹಿಂದಿನ ಸೀಟಿನಲ್ಲಿ ಕೂಡುವವಳ ವಯಸ್ಸು ಕೇಳಿರಲಿಲ್ಲ. ಅಲ್ಲೇ ಬೇವಿನ ಬುಡಕ್ಕೆ ಕೂತು, ಹೋಟೆಲಿನವರೆಲ್ಲ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು ಅತ್ತನಂತೆ.

ನೀಲವ್ವ ಅಳಲಿಲ್ಲ. ಶೆಡ್ಡಿನ ಮೂಲೆಗೆ ಹೋದಳು. ಅಲ್ಲಿ ಗುಜರಿಗೆ ಅಂತ ಯಾರೋ ಬಿಟ್ಟುಹೋದ ಒಂದು ಗಿಡ್ಡ ಗಾಡಿ ಇತ್ತು. ಅದರ ಸೀಟಿನ ಮೇಲೆ ಕೈ ಇಟ್ಟು, "ಇದು ಕೆಳಗೈತಿ," ಅಂದಳು.

ಮಾನಪ್ಪ ಕಣ್ಣೊರೆಸಿಕೊಂಡು ಅದರ ಕುಂದು ಹೇಳತೊಡಗಿದ. ಚೈನು ಜೋಲು, ಕ್ರ್ಯಾಂಕಿನ ಬೇರಿಂಗು ಮುಗಿದಿದೆ, ಕ್ಲಚ್ಚು ಜಾರುತ್ತದೆ, ಇದನ್ನು ಸರಿ ಮಾಡುವ ಖರ್ಚಿಗೆ ಇಂಥ ಎರಡು ಗಾಡಿ ಬರುತ್ತವೆ. ನೀಲವ್ವ ಕೇಳಿಸಿಕೊಂಡಳು. ಕೇಳಿಸಿಕೊಂಡು ಹೋಟೆಲಿಗೆ ಹೋಗಿ ತಾನೇ ಒಂದು ಲೋಟ ಚಹಾ ತಂದು ಆ ಗಾಡಿಯ ಹಿಂದಿನ ಸೀಟಿನ ಮೇಲೆ ಇಟ್ಟಳು. "ಒದೀರಿ," ಅಂದಳು.

ಏಳನೇ ಒದೆತಕ್ಕೆ ಗಾಡಿ ಕೆಮ್ಮುತ್ತ ಎದ್ದಿತು. ಲೋಟ ಕುಣಿಯಿತು, ಚಹಾ ಸೀಟಿನಿಂದ ಇಳಿದು ನೆಲಕ್ಕೆ ಹರಿಯಿತು. ಮಾನಪ್ಪ ನಾಚಿಕೊಂಡು ಬಂದ್ ಮಾಡಿದ. ನೀಲವ್ವ ಲೋಟ ಎತ್ತಿ ಒಳಗೆ ನೋಡಿದಳು.

"ಅರ್ಧ ಉಳದೈತಲ್ರೀ. ನನಗ ಸಾಕು."

ಅಂದವಳೇ ನಿಂತಲ್ಲೇ ಕುಡಿದಳು.

ಮಾನಪ್ಪ ಅಂದೇ ಆ ಗಾಡಿ ಬಿಚ್ಚಿ ಕೂತ. ಮೂರು ದಿನ ಕೈಲಾದಷ್ಟು ರಿಪೇರಿ ಮಾಡಿದ. ಕೈಲಾಗದ್ದಕ್ಕೆ ಎರಡು ಕೇಬಲ್ಲು, ಚೈನಿನ ಕೊಂಡಿ, ಒಂದು ಟ್ಯೂಬು, ಒಂದು ಡಬ್ಬಿ ಎಣ್ಣೆ ಕಟ್ಟಿಕೊಂಡ. ನಾಲ್ಕನೇ ದಿನ ಬೆಳಗ್ಗೆ ನೀಲವ್ವನನ್ನು ಹಿಂದೆ ಕೂಡಿಸಿಕೊಂಡು ಪಡುವಣ ದಾರಿ ಹಿಡಿದ. ಒಳ್ಳೆಯ ಗಾಡಿ ಬೇವಿನ ಕೆಳಗೇ ನಿಂತಿತು.

ಮೂರು ಕಡೆ ಕೆಟ್ಟಿತು ಅಂತಾರೆ. ಮೊದಲು ಇಟ್ಟಿಗೆ ಭಟ್ಟಿಯ ಹತ್ತಿರ ಚೈನು ಕಡಿಯಿತು. ಆಮೇಲೆ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಟ್ಯೂಬು ಹೋಯಿತು. ಅವನು ಕೂತು ಸರಿ ಮಾಡುತ್ತಿದ್ದರೆ ಅವಳು ಕಲ್ಲಿನ ಮೇಲೆ ಕೂತು ಸುತ್ತಲಿನವರಿಗೆ ಕಡಲಿನ ಕತೆ ಹೇಳುತ್ತಿದ್ದಳು. ಮೂರನೆಯದು ಘಾಟಿಯ ನಡುವೆ, ತಿರುವಿನಲ್ಲಿ. ಮಾನಪ್ಪ ಯಾವುದಕ್ಕೆ ಅಷ್ಟು ವರ್ಷ ಹೆದರಿದ್ದನೋ ಅಲ್ಲೇ ಕ್ಲಚ್ಚಿನ ಕೇಬಲ್ಲು ತುಂಡಾಯಿತು. ಹಿಂದೆ ಬಂದ ಲಾರಿಯವನು ನಿಲ್ಲಿಸಿ ಸ್ಟೋವು ಹಚ್ಚಿ ಚಹಾ ಕಾಸಿದ. ಚಹಾ ಕುದಿಯುವ ಮೊದಲೇ ಕೇಬಲ್ಲು ಕೂತಿತು. ಮಾನಪ್ಪ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ನೋಡುತ್ತ, "ಇಷ್ಟಕ್ಕ ಹೆದರಿದ್ನೇನ್ ನಾ?" ಅಂದನಂತೆ. ನೀಲವ್ವ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಗಾಳಿಗೆ ಮುಖ ಒಡ್ಡಿ, ಉಪ್ಪಿನ ವಾಸನೆ ಬಂತು ಅಂದಳಂತೆ. ಲಾರಿಯವನು ಇಷ್ಟನ್ನು ಬಂದು ಹೇಳಿದ. ಅದರಾಚೆಗೆ ನೋಡಿದವರು ಯಾರೂ ಇಲ್ಲ.

ಅವರು ತಿರುಗಿ ಬರಲಿಲ್ಲ. ಮಾನಪ್ಪ ಅಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದಾನೆ ಅಂದರು ಕೆಲವರು. ಗಾಡಿ ಮರಳಿನಲ್ಲಿ ಹೂತಿದೆ, ಇಬ್ಬರೂ ಅದಕ್ಕೆ ಒರಗಿ ಕೂತಿದ್ದರು ಅಂದರು ಕೆಲವರು. ನಮಗೆ ಗೊತ್ತಿಲ್ಲ. ಎಷ್ಟೋ ವರ್ಷ, ಪಡುವಣ ದಾರಿಯಲ್ಲಿ ಬೇರಿಂಗು ಹಾಡುವ ಗಾಡಿ ಬಂದರೆ ಹೋಟೆಲಿನ ಜನ ಲೋಟ ಬಿಟ್ಟು ಎದ್ದು ಹೊರಗೆ ಬರುತ್ತಿದ್ದರು. ಬೇರೆ ಯಾರೋ ಇರುತ್ತಿದ್ದರು. ಸುಮ್ಮನೆ ಹೋಗಿ ಕೂರುತ್ತಿದ್ದರು.

ಈಗಲೂ ಎರೆಗುಡ್ಡ ಕ್ರಾಸಿನಲ್ಲಿ ದೂರದ ದಾರಿಗೆ ಹಳೆಯ ಗಾಡಿ ಕೊಳ್ಳುವವರು ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ತಣ್ಣಗಾಗುವ ತನಕ ಬೇವಿನ ಕೆಳಗೆ ಕೂರುತ್ತಾರೆ. ಚೈನು ನೋಡುತ್ತಾರೆ, ಬೇರಿಂಗು ಕೇಳುತ್ತಾರೆ, ರಿಪೇರಿಯ ಖರ್ಚು ಲೆಕ್ಕ ಹಾಕುತ್ತಾರೆ. ಕೊನೆಗೆ ಹಿಂದಿನ ಸೀಟಿನ ಮೇಲೆ ಒಂದು ಲೋಟ ಚಹಾ ಇಡುತ್ತಾರೆ. ಆದರೆ ಚೆಲ್ಲಿದ್ದು ಎಷ್ಟು ಅಂತ ಈಗ ಯಾರೂ ನೋಡುವುದಿಲ್ಲ. ಉಳಿದದ್ದನ್ನು ಎತ್ತಿ, ಆ ಸೀಟಿನಲ್ಲಿ ಯಾರು ಕೂಡುವವರೋ ಅವರ ಕೈಗೆ ಕೊಟ್ಟು, ಸಾಕಾ ಅಂತ ಕೇಳುತ್ತಾರೆ. ಅವರು ಸಾಕು ಅಂದು ಕುಡಿದರೆ, ನಾಳೆ ಅನ್ನದೆ, ಅವತ್ತೇ ಹೊರಡುತ್ತಾರೆ.